ಬರೆದದ್ದಕ್ಕಿಂತ ಚೆನ್ನಾಗಿ ಓದಿದವನು

ಮಲಪ್ರಭೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಗಂಟೆಯಿಲ್ಲ, ಜಾಗಟೆಯಿಲ್ಲ. ನಾಲ್ಕು ಕಂಪ್ಯೂಟರು, ಒಂದು ಉದ್ದನೆಯ ಕಟ್ಟೆ, ಎರಡು ಹೊತ್ತಿನ ರೊಟ್ಟಿ. ಇಷ್ಟೇ ಆಸ್ತಿ.

ಗುರುಗಳು ಮಡಿವಾಳಯ್ಯನವರು. ಶಿಷ್ಯರು ಅಜ್ಜಾರು ಎನ್ನುತ್ತಿದ್ದರು. ಅವರು ಕಲಿಸುತ್ತಿದ್ದದ್ದು ಒಂದೇ ವಿದ್ಯೆ, ಕರ್ನೆಲ್ ಓದುವುದು.

ಕರ್ನೆಲ್ ಎಂದರೆ ಯಂತ್ರದ ಒಳಮನೆಯ ಯಜಮಾನ. ಯಾರಿಗೆ ಎಷ್ಟು ಜಾಗ, ಯಾರ ಸರದಿ ಯಾವಾಗ, ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಾಗಿಲಲ್ಲೇ ನಿಲ್ಲಿಸಬೇಕು, ಎಲ್ಲ ಅವನದೇ ತೀರ್ಮಾನ. ಅಂಥ ಒಂದು ಕರ್ನೆಲ್ಲನ್ನು ಈ ಆಶ್ರಮದವರು ನೋಡಿಕೊಳ್ಳುತ್ತಿದ್ದರು. ಅದು ಆಸ್ಪತ್ರೆಯಲ್ಲಿ ಹನಿಹನಿಯಾಗಿ ಔಷಧಿ ಬಿಡುವ ಯಂತ್ರದಲ್ಲಿತ್ತು, ಕಾಲುವೆಯ ಗೇಟಿನಲ್ಲಿತ್ತು, ರೈಲಿನ ಸಿಗ್ನಲ್ಲಿನಲ್ಲಿತ್ತು. ಬಳಸುವವರಿಗೆ ಅದರ ಹೆಸರೂ ಗೊತ್ತಿರಲಿಲ್ಲ. ಅವರ ಜೀವ ಮಾತ್ರ ಅದರ ಕೈಯಲ್ಲಿತ್ತು.

ಓದುವುದಕ್ಕೂ ಅಲ್ಲೊಂದು ಪದ್ಧತಿ. ಒಬ್ಬರು ಓದಬೇಕು, ಒಬ್ಬರು ಕೇಳಬೇಕು. ಕೋಡ್ ಇಂಗ್ಲಿಷಿನಲ್ಲಿರುತ್ತಿತ್ತು, ಓದುವವರು ಒಂದೊಂದು ಸಾಲನ್ನೂ ಕನ್ನಡದಲ್ಲಿ ಬಿಡಿಸಿ ಹೇಳಬೇಕು. ಇದ್ದದ್ದನ್ನು ಇದ್ದಹಾಗೆ ಹೇಳಬೇಕು, ತನ್ನದೇನೂ ಸೇರಿಸುವಂತಿಲ್ಲ. ಕೇಳುವವರು ಪರದೆಯ ಕಡೆ ನೋಡುವಂತಿಲ್ಲ. ಕಣ್ಣು ಓಡುತ್ತದೆ, ಕಿವಿ ನಡೆಯುತ್ತದೆ ಎಂದು ಅಜ್ಜಾರ ನಂಬಿಕೆ. ಎಲ್ಲಿ ಅನುಮಾನ ಬಂತೋ ಅಲ್ಲಿ ಕೇಳುವವರು ‘ನಿಲ್ಲು’ ಎನ್ನಬೇಕು.

ಪುಟ ಮುಗಿದರೆ ಅದರ ಕೆಳಗೆ ಮೂರು ಹೆಸರು. ಓದಿದವರದು, ಕೇಳಿದವರದು, ಕೊನೆಗೆ ಅಜ್ಜಾರ ಸಹಿ. ಮುಂದೆ ಅಲ್ಲಿ ತಪ್ಪು ಸಿಕ್ಕರೆ ಜನ ಮೊದಲು ಬೆರಳು ತೋರಿಸುವುದು ಕೇಳಿದವರ ಕಡೆಗೆ. ಕೇಳುವ ಕೆಲಸಕ್ಕೆ ಅಲ್ಲಿ ಅಷ್ಟು ಮರ್ಯಾದೆ, ಅಷ್ಟೇ ಅಪಾಯ.

ಸಂಗನಬಸವ ಅಲ್ಲಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಅವನಷ್ಟು ಚೆನ್ನಾಗಿ ಕೇಳುವವರು ಇರಲಿಲ್ಲ. ಅದು ಬೇರೆಯವರಿಗೂ ಗೊತ್ತಿತ್ತು, ಅವನಿಗಂತೂ ಚೆನ್ನಾಗಿಯೇ ಗೊತ್ತಿತ್ತು.

ಅಜ್ಜಾರ ಕಣ್ಣು ಮಂಜಾಗುತ್ತ ಬಂದಿತ್ತು. ಬರುವ ವರ್ಷದ ಓದು ಮುಗಿದ ಮೇಲೆ ಕೊನೆಯ ಸಹಿಯನ್ನು ಒಬ್ಬರಿಗೆ ಒಪ್ಪಿಸುತ್ತೇನೆ ಎಂದು ಅವರು ಹೇಳಿಬಿಟ್ಟಿದ್ದರು. ಯಾರಿಗೆ ಎಂದು ಯಾರೂ ಕೇಳಲಿಲ್ಲ. ಕೇಳುವುದೇನಿದೆ ಎಂದುಕೊಂಡು ಸಂಗನಬಸವ ಹಳೆಯ ಕಾಗದವೊಂದರ ಮೇಲೆ ತನ್ನ ಸಹಿಯನ್ನು ನಾಲ್ಕು ಥರ ಹಾಕಿ ನೋಡಿಕೊಂಡಿದ್ದ. ಮೂರನೆಯದು ಚೆನ್ನಾಗಿ ಕಂಡಿತ್ತು.

ಅಷ್ಟರಲ್ಲಿ ದಾಕ್ಷಾಯಣಿ ಬಂದಳು.

ಗುಳೇದಗುಡ್ಡದವಳು. ಮನೆಯಲ್ಲಿ ಎರಡು ಮಗ್ಗ. ಡಿಪ್ಲೊಮಾ ಮುಗಿಸಿ, ಒಂದು ಚೀಲ ಹಿಡಿದು ಬಂದು, ಕಟ್ಟೆಯ ತುದಿಗೆ ಕುಳಿತಳು.

ಹೊಸದಾಗಿ ಬಂದ ಎಲ್ಲರಿಗೂ ಅಜ್ಜಾರದು ಒಂದೇ ಪ್ರಶ್ನೆ. ಅವಳಿಗೂ ಅದನ್ನೇ ಕೇಳಿದರು.

“ಒಂದು ಕೈ ಹಿಡಿ ಯವ್ವಾ. ಹೆಬ್ಬೆರಳಿಂದ ಬೆರಳಿನ ಗೆಣ್ಣು ಎಣಿಸು. ಹದಿಮೂರರ ತನಕ ಎಣಿಸಬೇಕು.”

ನಾಲ್ಕು ಬೆರಳು, ಮೂರು ಮೂರು ಗೆಣ್ಣು, ಒಟ್ಟು ಹನ್ನೆರಡು. ಹನ್ನೊಂದು ವರ್ಷದ ಹಿಂದೆ ಸಂಗನಬಸವ ಹನ್ನೆರಡು ಎಣಿಸಿ, ಒಂದು ಕ್ಷಣ ತಡೆದು, ಮತ್ತೆ ಮೊದಲ ಗೆಣ್ಣಿಗೆ ಹೆಬ್ಬೆರಳು ತಂದು ಹದಿಮೂರು ಎಂದಿದ್ದ. “ಈಗ ನಿನ್ನ ಕೈ ನೋಡಿದವ್ರು ಏನಂತ ತಿಳಿತಾರ?” ಎಂದು ಅಜ್ಜಾರು ಕೇಳಿದ್ದರು. “ಒಂದು ಅಂತ ತಿಳಿತಾರ್ರಿ” ಎಂದಿದ್ದ. “ಹಂಗ. ಕಳ್ಳ ಒಳಗ ಬರೂದು ಅಲ್ಲೇ” ಎಂದಿದ್ದರು. ಅವನ ಮೊದಲ ಪಾಠ ಅದು.

ದಾಕ್ಷಾಯಣಿ ಎಣಿಸಲೇ ಇಲ್ಲ. ಕೈ ನೋಡಿಕೊಂಡಳು.

“ಇದು ಹನ್ನೆರಡರ ಕೈ ಐತ್ರಿ ಅಜ್ಜಾರ. ಹದಿಮೂರು ಹಿಡಿಯೂದಿಲ್ಲ. ಸುರು ಮಾಡೂಕಿಂತ ಮೊದ್ಲ ಹೇಳ್ತೀನಿ.”

ಅಜ್ಜಾರು ನಕ್ಕರು. ಸುಮ್ಮನೆ ನಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. ಹನ್ನೊಂದು ವರ್ಷದಲ್ಲಿ ತನ್ನ ಯಾವ ಮಾತಿಗೂ ಅವರು ಹಾಗೆ ನಕ್ಕದ್ದು ಸಂಗನಬಸವನಿಗೆ ನೆನಪಾಗಲಿಲ್ಲ. ಆವತ್ತು ಅವನಿಗೆ ರೊಟ್ಟಿ ರುಚಿಸಲಿಲ್ಲ.

ಹೊಟ್ಟೆಕಿಚ್ಚು ಎಂಬುದು ಬಲು ಶಿಸ್ತಿನ ವಿದ್ಯಾರ್ಥಿ. ಒಂದು ದಿನವೂ ತಪ್ಪಿಸುವುದಿಲ್ಲ. ಅವಳು ಬಂದ ಮೂರನೆಯ ತಿಂಗಳಿಗೆ ಅಜ್ಜಾರು ಸಂಗನಬಸವನಿಗೆ ಓದಲು ಹೇಳಿ, ಅವಳನ್ನು ಕೇಳಲು ಕೂರಿಸಿದರು. ಕೇಳುವವರ ಜಾಗ ಅಜ್ಜಾರ ಮಗ್ಗುಲಲ್ಲಿ. ಅಲ್ಲಿ ಅಷ್ಟು ವರ್ಷ ಅವನು ಕೂತಿದ್ದ.

ಅವಳು ‘ನಿಲ್ಲು’ ಎಂದಾಗಲೆಲ್ಲ ಅವನು ಮನಸ್ಸಿನಲ್ಲಿ ಒಂದು ಗೀಟು ಹಾಕಿಕೊಳ್ಳುತ್ತಿದ್ದ. ಒಂದು ತಿಂಗಳಿಗೆ ಇಪ್ಪತ್ತಾರಾಯಿತು. ತನ್ನ ಅತಿ ಒಳ್ಳೆಯ ತಿಂಗಳಲ್ಲಿ ಹತ್ತೊಂಬತ್ತು. ಆಮೇಲೆ ಬೇರೆಯವನ್ನೂ ಸೇರಿಸಿಕೊಂಡ. ಅಜ್ಜಾರು ಅವಳಿಗೆ ‘ಯವ್ವಾ’ ಎಂದದ್ದೆಷ್ಟು, ತನಗೆ ‘ತಮ್ಮಾ’ ಎಂದದ್ದೆಷ್ಟು. ನದಿಗೆ ಹೋಗುವಾಗ ಅವರು ಯಾರ ಹೆಗಲ ಮೇಲೆ ಕೈಯಿಟ್ಟರು. ದಿನಾ ಕೂಡಿಸುತ್ತಿದ್ದ. ದಿನಾ ಅವಳದೇ ಹೆಚ್ಚಾಗುತ್ತಿತ್ತು.

ಪಾಪ, ಅವಳಿಗೆ ಇದೇನೂ ಗೊತ್ತಿರಲಿಲ್ಲ. “ಸಂಗಣ್ಣಾರು ಓದಿದ್ರ ಕಲ್ಲಿಗೂ ತಿಳಿತೈತಿ” ಎಂದು ಎಲ್ಲರ ಮುಂದೆ ಹೇಳುತ್ತಿದ್ದಳು. ಅದರಿಂದ ಅವನಿಗೆ ಇನ್ನೂ ಉರಿಯುತ್ತಿತ್ತು. ಇವಳು ಒಮ್ಮೆ ಸೊಕ್ಕಿನ ಮಾತಾಡಬಾರದೇ, ದ್ವೇಷಿಸಲು ಒಂದು ಕಾರಣ ಕೊಡಬಾರದೇ ಎಂದು ಹಲ್ಲು ಕಡಿಯುತ್ತಿದ್ದ.

ವರ್ಷಕ್ಕೆ ಎರಡು ಸಲ ಹೊಸ ಕರ್ನೆಲ್ ಹೊರಗೆ ಹೋಗುತ್ತಿತ್ತು. ಅದಕ್ಕೂ ಮುಂಚಿನ ಒಂದು ತಿಂಗಳು ಯಾರೂ ಕೋಡ್ ಮುಟ್ಟುವಂತಿಲ್ಲ. ಓದಬೇಕು, ಕೇಳಬೇಕು. ತಪ್ಪು ಕಂಡರೆ ಕಟ್ಟೆಯ ಮೇಲೆ, ಎಲ್ಲರೆದುರು ಹೇಳಿ ಅಲ್ಲೇ ತಿದ್ದಬೇಕು. ಒಬ್ಬನೇ ಕೂತು ಗುಟ್ಟಾಗಿ ತಿದ್ದುವುದು ಅಲ್ಲಿ ನಿಷಿದ್ಧ.

ಅಜ್ಜಾರು ಸಹಿ ಒಪ್ಪಿಸಬೇಕಾದ ಆ ಸಲ, ಕರ್ನೆಲ್ ಶನಿವಾರ ಹೊರಗೆ ಹೋಗಬೇಕಿತ್ತು. ಬುಧವಾರ ಮಧ್ಯಾಹ್ನ ಸಂಗನಬಸವ ಮರುದಿನ ಓದಬೇಕಾದ ಪುಟ ತೆರೆದ.

ಆ ಪುಟ ಅವನಿಗೆ ಬಾಯಿಪಾಠ. ಹೊರಗಿನಿಂದ ಬರುವ ಸಂದೇಶಗಳನ್ನು ಕರ್ನೆಲ್ ಒಳಗೆ ಬಿಟ್ಟುಕೊಳ್ಳುವ ಬಾಗಿಲು ಅದು. ಏಳು ವರ್ಷದ ಹಿಂದೆ ಅಲ್ಲಿ ಕಾವಲೇ ಇರಲಿಲ್ಲ. ಕಾವಲಿನ ಸಾಲು ಬರೆದವನು ಅವನೇ. ಆವತ್ತು ಅಜ್ಜಾರು ಎದ್ದು ನಿಂತು ಶಭಾಸ್ ಎಂದಿದ್ದರು. ಆ ಒಂದು ಸಾಲಿನಿಂದಲೇ ಅವನು ಹಿರಿಯ ಶಿಷ್ಯನಾದದ್ದು.

ಸಾಲು ಸರಳ. ಬರುವ ಸಂದೇಶ ತನ್ನ ಉದ್ದವನ್ನು ತಾನೇ ಹೇಳುತ್ತದೆ. ಅದರ ಮೇಲೆ ಅಂಟಿಸುವ ತಲೆಬರಹದ ಉದ್ದವನ್ನು ಅದಕ್ಕೆ ಕೂಡಿಸು. ಮೊತ್ತ ಮಿತಿ ಮೀರಿದರೆ ಹೊರಗೆ ನಿಲ್ಲಿಸು.

ಆ ಮಧ್ಯಾಹ್ನ ಯಾಕೋ ಅವನ ಹೆಬ್ಬೆರಳು ತಾನಾಗಿ ಗೆಣ್ಣುಗಳ ಮೇಲೆ ಓಡಾಡಿತು.

ಮಿತಿ ಹತ್ತು ಎಂದಿಟ್ಟುಕೊಳ್ಳೋಣ. ತಲೆಬರಹ ಎರಡು. ಬಂದವನು ನನ್ನುದ್ದ ಹನ್ನೊಂದು ಎಂದ. ಹನ್ನೊಂದಕ್ಕೆ ಎರಡು ಕೂಡಿಸಿದರೆ ಹದಿಮೂರು. ಕೈಯಲ್ಲಿರುವುದು ಹನ್ನೆರಡೇ ಗೆಣ್ಣು. ಹೆಬ್ಬೆರಳು ತಿರುಗಿ ಮೊದಲ ಗೆಣ್ಣಿಗೆ ಬಂದು ಕೂತಿತು. ಒಂದು. ಒಂದು ಹತ್ತನ್ನು ಮೀರಿತೇ? ಇಲ್ಲ. ಹಾಗಿದ್ದರೆ ಒಳಗೆ ಬಾ.

ಕರ್ನೆಲ್ ಒಂದರಷ್ಟು ಜಾಗ ಕೊಡುತ್ತದೆ. ಬಂದವನು ಹನ್ನೊಂದರಷ್ಟು ಸಾಮಾನು ಇಳಿಸುತ್ತಾನೆ. ಮಿಕ್ಕಿದ್ದೆಲ್ಲ ಪಕ್ಕದವರ ಜಾಗದ ಮೇಲೆ ಬೀಳುತ್ತದೆ. ಈ ಯಂತ್ರದ ಒಡೆಯ ಯಾರು ಎಂದು ಬರೆದಿಟ್ಟ ಜಾಗ ಪಕ್ಕದಲ್ಲೇ ಇದ್ದರೆ, ಬಂದವನು ಅದರ ಮೇಲೆ ತನ್ನ ಹೆಸರು ಬರೆದುಕೊಳ್ಳುತ್ತಾನೆ. ಅಲ್ಲಿಗೆ ಔಷಧಿಯ ಯಂತ್ರವೂ ಅವನದೇ, ಕಾಲುವೆಯ ಗೇಟೂ ಅವನದೇ.

ಯಂತ್ರದ ಕೈಗೆ ನಾನೂರ ಇಪ್ಪತ್ತೊಂಬತ್ತು ಕೋಟಿ ಗೆಣ್ಣು. ಆದರೇನಂತೆ, ಕೈ ಕೈಯೇ.

ಸಂಗನಬಸವ ಆ ಸಾಲನ್ನು ಮತ್ತೊಮ್ಮೆ ಓದಿದ. ತಾನು ಏಳು ವರ್ಷ ಮೆರೆದ ಸಾಲು ಕಾವಲಾಗಿರಲಿಲ್ಲ, ಕಾವಲಿನ ಚಿತ್ರವಾಗಿತ್ತು.

ಸರಿಪಡಿಸುವುದೂ ಆ ಕ್ಷಣವೇ ಹೊಳೆಯಿತು. ಕೂಡಿಸಲೇಬಾರದು. ಮಿತಿಯ ಹತ್ತರಲ್ಲಿ ತಲೆಬರಹದ ಎರಡು ಕಳೆದರೆ ಉಳಿಯುವ ಜಾಗ ಎಂಟು. ಬಂದವನು ಆ ಎಂಟರಲ್ಲಿ ಹಿಡಿಯುತ್ತಾನೆಯೇ ಎಂದು ಕೇಳಿದರಾಯಿತು. ಹೆಬ್ಬೆರಳು ಕೈ ದಾಟುವ ಪ್ರಶ್ನೆಯೇ ಬರುವುದಿಲ್ಲ.

ಇಷ್ಟು ಹೊಳೆದವನು ಎದ್ದು ಹೋಗಿ ಅಜ್ಜಾರಿಗೆ ಹೇಳಬೇಕಿತ್ತು. ಎದ್ದೂ ಎದ್ದ. ಆಗ ಅವನ ಕಣ್ಣಿಗೆ ಕಟ್ಟಿದ್ದು ಬೇರೆಯೇ. ನಾಳೆ ತಾನು ಈ ಸಾಲು ಓದುತ್ತಾನೆ. ದಾಕ್ಷಾಯಣಿ ನಿಲ್ಲು ಎನ್ನುತ್ತಾಳೆ. ಅಥವಾ ತಾನೇ ಮೊದಲು ಹೇಳುತ್ತಾನೆ, ಆಗಲೂ ಅಜ್ಜಾರು ಮನಸ್ಸಿನಲ್ಲಿ ಅವಳನ್ನೂ ತನ್ನನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಬಂದ ಮೊದಲ ದಿನವೇ ಅವಳು ಹೇಳಿದ್ದನ್ನು ಇವನು ಏಳು ವರ್ಷವಾದರೂ ಕಾಣಲಿಲ್ಲ ಎಂದುಕೊಳ್ಳುತ್ತಾರೆ.

ಅವನು ಮತ್ತೆ ಕೂತುಬಿಟ್ಟ.

ಏಳು ವರ್ಷ ಯಾರೂ ಈ ಬಾಗಿಲಲ್ಲಿ ನುಗ್ಗಿಲ್ಲ, ಇನ್ನಾರು ತಿಂಗಳಲ್ಲಿ ಏನಾಗುತ್ತದೆ ಎಂದು ಸಮಾಧಾನ ಹೇಳಿಕೊಂಡ. ಸಹಿ ಕೈಗೆ ಬರಲಿ, ಮುಂದಿನ ಸಲ ತಾನೇ ಕಂಡುಹಿಡಿದಂತೆ ಹೇಳಿದರಾಯಿತು. ಮನುಷ್ಯ ತನಗೆ ತಾನು ಹೇಳಿಕೊಳ್ಳುವ ಸಮಾಧಾನದಲ್ಲಿ ಆಸ್ಪತ್ರೆಯ ಹಾಸಿಗೆಗಳು ಕಾಣಿಸುವುದಿಲ್ಲ.

ಗುರುವಾರ ಬೆಳಿಗ್ಗೆ ಎಲ್ಲರೂ ಕಟ್ಟೆಯ ಮೇಲೆ ಕೂತರು. ಅಜ್ಜಾರು ಕಣ್ಣು ಮುಚ್ಚಿದರು. ಅವರ ಮಗ್ಗುಲಲ್ಲಿ ದಾಕ್ಷಾಯಣಿ ನೋಟ್‌ಬುಕ್ ತೆರೆದು, ಪರದೆಗೆ ಬೆನ್ನು ಮಾಡಿ ಕೂತಳು. ಸಂಗನಬಸವ ಓದತೊಡಗಿದ.

ಆ ಸಾಲು ಬಂತು.

“ಮಿತಿಯೊಳಗ ತಲೆಬರಹದ ಉದ್ದ ಕಳಿ. ಉಳಿದದ್ದಕ್ಕಿಂತ ಬಂದ ಸಂದೇಶದ ಉದ್ದ ದೊಡ್ಡದಿದ್ರ ಹೊರಗ ನಿಲ್ಲಿಸು” ಎಂದು ಓದಿದ.

ದನಿ ಒಂದಿಷ್ಟೂ ನಡುಗಲಿಲ್ಲ. ದಾಕ್ಷಾಯಣಿ ತಲೆದೂಗಿ ಏನೋ ಬರೆದುಕೊಂಡಳು. ಪುಟ ಮುಗಿಯಿತು. ಒಂದೂ ‘ನಿಲ್ಲು’ ಬರಲಿಲ್ಲ.

ಅಜ್ಜಾರು ಸ್ವಲ್ಪ ಹೊತ್ತು ಕಣ್ಣು ತೆರೆಯಲಿಲ್ಲ.

“ಸಂಗಣ್ಣ” ಎಂದರು.

“ಹೇಳ್ರಿ ಅಜ್ಜಾರ.”

“ಚಲೋ ಓದಿದಿ.”

“ನಿಮ್ಮ ಆಶೀರ್ವಾದ ರೀ.”

“ಬರದದ್ದಕ್ಕಿಂತ ಚಲೋ ಓದಿದಿ” ಎಂದು ಹೇಳಿ, ಕೋಲು ಹುಡುಕಿಕೊಂಡು ಎದ್ದು ಹೋದರು.

ಅದು ಹೊಗಳಿಕೆಯೋ, ಏಟೋ? ಸಂಗನಬಸವ ಆ ಮಾತನ್ನು ತಿರುವಿ ತಿರುವಿ ನೋಡಿದ. ಕೊನೆಗೆ ಹೊಗಳಿಕೆಯೇ ಇರಬೇಕು ಎಂದು ತೀರ್ಮಾನಿಸಿಕೊಂಡ. ಹಾಗೆ ತೀರ್ಮಾನಿಸಿಕೊಳ್ಳುವುದು ಅವನಿಗೆ ಅನುಕೂಲವಾಗಿತ್ತು.

ಸಂಜೆ ಅವನು ನದಿಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದಾಗ ದಾಕ್ಷಾಯಣಿ ನೋಟ್‌ಬುಕ್ ಹಿಡಿದು ಬಂದಳು.

“ಅಣ್ಣಾರ, ಒಂದು ಮಾತು ಹೇಳ್ಲೇನ್ರಿ?”

“ಹೇಳು.”

“ಇವತ್ತಿನ ಆ ಕಾವಲಿನ ಸಾಲು ಐತಲ್ರಿ, ಕೂಡಿಸೂದು ಬಿಟ್ಟು ಕಳದು ಕೇಳೂದು. ಎಷ್ಟು ಚಂದ ಐತ್ರಿ. ಅದನ್ನ ಬರದವ್ರು ನೀವಂತ ಈಗ ಗೊತ್ತಾತು. ನಾನು ನೋಟ್‌ಬುಕ್ಕಿನ ಮೊದಲ ಹಾಳಿ ಮ್ಯಾಲೆ ಬರಕೊಂಡೀನಿ.”

ಸಂಗನಬಸವ ಅಂಗಿಯನ್ನು ಕಲ್ಲಿಗೆ ಬಡಿದ. ಏಳು ವರ್ಷದಲ್ಲಿ ಆ ಸಾಲನ್ನು ಇಷ್ಟು ಮನಸಾರೆ ಹೊಗಳಿದವರು ಯಾರೂ ಇರಲಿಲ್ಲ. ಹೊಗಳಿದ ಸಾಲು ಮಾತ್ರ ಎಲ್ಲಿಯೂ ಇರಲಿಲ್ಲ.

“ಮತ್ತ ಇನ್ನೊಂದ್ರಿ” ಎಂದಳು. “ಆ ಪುಟಕ್ಕ ಕೇಳಿದವಳು ಅಂತ ನನ್ನ ಒಬ್ಬಾಕಿ ಹೆಸರು ಬರ್ತೈತಿ. ಬಾಗಿಲಿನ ಪುಟಕ್ಕ ನನ್ನ ಹೆಸರು. ಅಪ್ಪಗ ಫೋನ್ ಮಾಡಿ ಹೇಳಿದೆ. ಮಗ್ಗ ನಿಲ್ಲಿಸಿ ಕೇಳಿದ.”

ಅವಳು ಹೋದಳು. ಸಂಗನಬಸವ ಒದ್ದೆ ಅಂಗಿ ಹಿಡಿದು ನಿಂತೇ ಇದ್ದ.

ಕೇಳಿದವರ ಹೆಸರು. ಅದು ಅವನಿಗೆ ಇಷ್ಟು ಹೊತ್ತು ಹೊಳೆದಿರಲಿಲ್ಲ. ಮುಂದೆ ಎಂದಾದರೂ ಆ ಬಾಗಿಲು ಮುರಿದರೆ, ಜಗತ್ತು ಮೊದಲು ಹಿಡಿಯುವುದು ಇವಳನ್ನು. ಇಷ್ಟು ದೊಡ್ಡ ತೂತು ಕಿವಿಗೆ ಬೀಳಲಿಲ್ಲವೇ ಎಂದು ಕೇಳುತ್ತದೆ. ಆಮೇಲೆ ಯಾರೂ ಇವಳನ್ನು ಕೇಳಲು ಕೂರಿಸುವುದಿಲ್ಲ.

ಹೊಳೆದದ್ದೇ ತಡ, ಅವನಿಗೆ ಒಳಗೊಳಗೇ ಹಿತವಾಯಿತು.

ಆ ಹಿತ ಅವನನ್ನು ಹೆದರಿಸಿತು. ಆದರೂ ಬಿಡಲಾಗಲಿಲ್ಲ. ಊಟದ ಹೊತ್ತಿಗೆ ಅವಳು ಅವನ ತಟ್ಟೆಗೆ ಶೇಂಗಾ ಚಟ್ನಿ ಬಡಿಸಿದಾಗಲೂ ಆ ಹಿತ ಹಾಗೇ ಇತ್ತು.

ಶುಕ್ರವಾರ ಬೆಳಿಗ್ಗೆ ಕಟ್ಟೆಯ ಮೇಲೆ ಅಜ್ಜಾರು ಮೊದಲೇ ಬಂದು ಕೂತಿದ್ದರು.

“ನಿನ್ನಿ ಪುಟನೇ ಇನ್ನೊಮ್ಮೆ” ಎಂದರು. “ದಾಕ್ಷಾಯಣಿ ಓದ್ಲಿ. ಸಂಗಣ್ಣ ಕೇಳ್ಲಿ.”

ಸಂಗನಬಸವ ಕೂತಲ್ಲಿಂದ ಏಳಲಿಲ್ಲ.

“ಅದು ಮುಗದೈತಲ್ರಿ ಅಜ್ಜಾರ. ನಾಳೆ ಹೊರಗ ಹೋಗಬೇಕು. ಇನ್ನೂ ಎರಡು ಪುಟ ಉಳದಾವು.”

“ಹೌದು. ಅದಕ್ಕ ಲಗೂನ ಕುಂಡ್ರು.”

ಎಂಟು ತಿಂಗಳಿನಿಂದ ಹಾತೊರೆಯುತ್ತಿದ್ದ ಜಾಗದಲ್ಲಿ, ಅಜ್ಜಾರ ಮಗ್ಗುಲಲ್ಲಿ, ಅವನು ಹೋಗಿ ಕೂತ. ಮುಳ್ಳಿನ ಮೇಲೆ ಕೂತಂತಾಯಿತು. ಪರದೆಗೆ ಬೆನ್ನು ಮಾಡಿದ.

ದಾಕ್ಷಾಯಣಿ ಓದತೊಡಗಿದಳು. ಒಂದೊಂದು ಸಾಲನ್ನೂ ನಿಧಾನವಾಗಿ, ಎಳೆ ಎಳೆಯಾಗಿ ಬಿಡಿಸಿ ಹೇಳುತ್ತಿದ್ದಳು. ಸಂಗನಬಸವ ಸಾಲುಗಳನ್ನು ಎಣಿಸುತ್ತಿದ್ದ. ಇನ್ನು ಐದು. ಇನ್ನು ಮೂರು. ಇನ್ನು ಒಂದು.

“ಬಂದ ಸಂದೇಶದ ಉದ್ದಕ್ಕ ತಲೆಬರಹದ ಉದ್ದ ಕೂಡಿಸು” ಎಂದಳು. “ಕೂಡಿಸಿದ್ದು ಮಿತಿಗಿಂತ...”

ಅಲ್ಲಿಗೆ ಅವಳ ದನಿ ನಿಂತಿತು.

ಅವಳು ನೋಟ್‌ಬುಕ್ಕಿನ ಮೊದಲ ಹಾಳೆ ತೆರೆದ ಸದ್ದು ಅವನಿಗೆ ಕೇಳಿಸಿತು. ಈಗ ಹೇಳುತ್ತಾಳೆ ಎಂದುಕೊಂಡ. ಈಗ ನನ್ನ ಹೆಸರು ಹಿಡಿದು ಹೇಳುತ್ತಾಳೆ.

“ಅಜ್ಜಾರ, ಓದವ್ರು ನಡುವ ಮಾತಾಡಬಾರ್ದು. ತಪ್ಪಾತ್ರಿ” ಎಂದಳು. ದನಿ ಸಣ್ಣದಾಗಿತ್ತು. “ನಿನ್ನೆ ನಾನು ಇದನ್ನ ಬ್ಯಾರೆನ ಕೇಳಿಸ್ಕೊಂಡೀನಿ. ಕಳಿ ಅಂತ ಬರಕೊಂಡೀನಿ. ಇಲ್ಲಿ ಕೂಡಿಸು ಅಂತ ಐತಿ. ಇಲ್ಲಿ ನಿಲ್ಲು ಅನ್ನಬೇಕಿತ್ತು, ಅನ್ನಲಿಲ್ಲ. ನನ್ನ ಕಿವಿ ನಂಬೂವಂಗಿಲ್ರಿ. ನನ್ನ ಹೆಸರು ತಗೀರಿ. ಇನ್ನ ನನ್ನ ಕೇಳಾಕ ಕುಂಡ್ರಿಸಬ್ಯಾಡ್ರಿ.”

ಸಂಗನಬಸವ ಎಂಟು ತಿಂಗಳಿನಿಂದ ಬೇಡಿಕೊಂಡದ್ದು ಇದನ್ನೇ. ಅವಳು ಆ ಜಾಗ ಬಿಡಬೇಕು, ತಾನೇ ಬಿಡಬೇಕು, ಎಲ್ಲರೆದುರು ಬಿಡಬೇಕು. ಈಗ ತಟ್ಟೆಯಲ್ಲಿಟ್ಟು ಕೊಟ್ಟಂತೆ ಬಂದಿತ್ತು. ತಪ್ಪೂ ಹೊರಗೆ ಬಿತ್ತು, ಬಾಗಿಲೂ ಸರಿಹೋಗುತ್ತದೆ, ಆಸ್ಪತ್ರೆಯ ಯಂತ್ರಕ್ಕೂ ಅಪಾಯವಿಲ್ಲ. ತಾನು ಮಾಡಬೇಕಾದದ್ದು ಏನೂ ಇರಲಿಲ್ಲ. ಸುಮ್ಮನೆ ಕೂತಿದ್ದರೆ ಸಾಕಿತ್ತು.

ಅವನು ಸುಮ್ಮನೆ ಕೂತ. ಎಷ್ಟು ಹೊತ್ತು ಕೂತನೆಂದರೆ, ನದಿಯ ಆಚೆ ದಡದಲ್ಲಿ ಯಾರೋ ಎಮ್ಮೆಗಳನ್ನು ನೀರಿಗಿಳಿಸಿ, ಮೈ ತೊಳೆದು, ಮತ್ತೆ ಮೇಲಕ್ಕೆ ಹೊಡೆದುಕೊಂಡು ಹೋದರು.

“ಅಣ್ಣಾರದೇನೂ ತಪ್ಪಿಲ್ರಿ” ಎಂದಳು ದಾಕ್ಷಾಯಣಿ. “ಅವ್ರು ಇದ್ದದ್ದನ್ನ ಇದ್ದಂಗೇ ಓದಿರ್ತಾರ.”

ಆ ಮಾತನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ.

“ನಿಲ್ಲು” ಎಂದ.

ಅವಳು ಆಗಲೇ ನಿಂತಿದ್ದಳು. ಆದರೂ ಇನ್ನೊಮ್ಮೆ ಅಂದ. “ನಿಲ್ಲು ತಂಗಿ. ನಿನ್ನ ಕಿವಿಗೆ ಏನೂ ಆಗಿಲ್ಲ. ನಾನು ಕಳಿ ಅಂತನ ಓದೀನಿ. ಇಲ್ಲದ್ದನ್ನ ಓದೀನಿ.”

“ಯಾಕ್ರಿ ಅಣ್ಣಾರ?”

ಅವನು ಪರದೆಯ ಕಡೆ ತಿರುಗಿ ಆ ಸಾಲಿನ ಮೇಲೆ ಬೆರಳಿಟ್ಟ.

“ಈ ಸಾಲು ನಂದು. ತಪ್ಪೈತಂತ ಬುಧವಾರನ ಗೊತ್ತಾತು. ನೀ ಹಿಡೀತಿ ಅಂತ ಹೊಟ್ಟಿ ಉರೀತು. ಅದಕ್ಕ ಮುಚ್ಚಿದೆ. ನಾಳೆ ಇದು ಒಡದ್ರ ನಿನ್ನ ಹೆಸರಿಗೆ ಬಡೀತೈತಿ ಅಂತ ನಿನ್ನಿ ಸಂಜಿಗೆ ಗೊತ್ತಾತು. ಆಗೂ ಸುಮ್ಮನಿದ್ದೆ.” ಸ್ವಲ್ಪ ತಡೆದು, “ಖುಷೀನೂ ಆಗಿತ್ತು” ಎಂದ.

ದಾಕ್ಷಾಯಣಿ ನೋಟ್‌ಬುಕ್ ಮುಚ್ಚಿದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಅಜ್ಜಾರು ಕಣ್ಣು ತೆರೆದರು.

“ಅಜ್ಜಾರ, ನಿಮಗ ಮೊದಲ ಗೊತ್ತಿತ್ತಲ್ರಿ?” ಎಂದು ಸಂಗನಬಸವ ಕೇಳಿದ.

“ಈ ಸಾಲಿನ ಕೆಳಗ ಏಳು ವರ್ಷದಿಂದ ನನ್ನ ಸಹಿ ಐತಿ. ನನಗೂ ತಪ್ಪು ಕಂಡಿರಲಿಲ್ಲ. ನಿನ್ನಿ ನೀ ಸರಿ ಓದಿದಿ ನೋಡು, ಆಗ ಕೇಳಿಸ್ತು.”

“ನಾ ಇವತ್ತೂ ಸುಮ್ಮನ ಕುಂತಿದ್ರ?”

“ನಾ ಹೇಳ್ತಿದ್ದೆ. ಬಾಗಿಲು ಸರಿ ಆಗ್ತಿತ್ತು.”

“ಮತ್ತ ನಾನು?”

ಅಜ್ಜಾರು ಕೋಲಿನಿಂದ ಪರದೆಯ ಕಡೆ ತೋರಿಸಿದರು. “ಏಳು, ತಿದ್ದು. ಅಳೂದಿದ್ರ ಆಮ್ಯಾಲೆ ಅಳು. ಬಾಗಿಲು ತೆರದೈತಿ” ಎಂದರು.

ಎಲ್ಲರೆದುರು ಕೂತು ಅವನು ಆ ಸಾಲು ತಿದ್ದಿದ. ಕೂಡಿಸುವುದನ್ನು ಅಳಿಸಿ ಕಳೆಯುವುದನ್ನು ಬರೆದ. ನಿನ್ನೆ ಬಾಯಲ್ಲಿ ಅಷ್ಟು ಸಲೀಸಾಗಿ ಬಂದದ್ದನ್ನು ಇವತ್ತು ಬೆರಳು ಬರೆಯಲು ಒಪ್ಪುತ್ತಿರಲಿಲ್ಲ. ಎರಡು ಸಲ ತಪ್ಪಿತು.

ತಿದ್ದುಪಡಿಯ ಜೊತೆಗೆ ನಾಲ್ಕು ಸಾಲಿನ ಟಿಪ್ಪಣಿ ಹೋಗಬೇಕು. ಅಜ್ಜಾರು ಹೇಳಿದರು, ಅವನು ಬರೆದ.

“ತಪ್ಪು ಬರದವ, ಸಂಗನಬಸವ. ಅದನ್ನ ಮುಚ್ಚಿ ಓದಿದವ, ಸಂಗನಬಸವ. ನಿಲ್ಲಿಸಿ ಹೇಳಿದವ, ಸಂಗನಬಸವ. ಕಿವಿ ಮುಚ್ಚಿ ಸಹಿ ಹಾಕಿದವ, ಮಡಿವಾಳಯ್ಯ.”

“ಅಜ್ಜಾರ, ನಿಮ್ಮ ಹೆಸರು ಬ್ಯಾಡ್ರಿ.”

“ಬರಿ.”

ಬರೆದ. ಈ ಟಿಪ್ಪಣಿ ಊರೂರಿಗೆ ಹೋಗುತ್ತದೆ, ಮುಖ ಕಾಣದ ಸಾವಿರಾರು ಜನ ಓದುತ್ತಾರೆ. ಮೂರು ಸಲ ತನ್ನ ಹೆಸರು ಬರೆಯುವಾಗ ಅವನಿಗೆ ನಾಲ್ಕು ಥರದ ಸಹಿ ಯಾವುದೂ ನೆನಪಾಗಲಿಲ್ಲ.

ದಾಕ್ಷಾಯಣಿ ತಿದ್ದಿದ ಪುಟವನ್ನು ಮೊದಲಿನಿಂದ ಓದಿದಳು. ಇನ್ನೊಬ್ಬ ಶಿಷ್ಯ ಕೇಳಿದ. ನಿಲ್ಲು ಎನ್ನುವಂಥದ್ದು ಏನೂ ಬರಲಿಲ್ಲ.

ಕೊನೆಯ ಸಹಿಯ ಜಾಗ ಖಾಲಿ ಉಳಿದಿತ್ತು. ಅಜ್ಜಾರು ಕೈ ಚಾಚಿದರು. ಕೈ ಸಂಗನಬಸವನನ್ನು ದಾಟಿ ದಾಕ್ಷಾಯಣಿಯ ಹೆಗಲ ಮೇಲೆ ಹೋಯಿತು.

“ಹಾಕು ಯವ್ವಾ” ಎಂದರು. “ಇವತ್ತಿಂದ ನೀನ ಹಾಕು.”

ಅವಳು ಬೇಡವೆಂದಳು. ಸಂಗಣ್ಣಾರು ಹಿರಿಯರು ಎಂದಳು. ಅಜ್ಜಾರು ಕೈ ತೆಗೆಯಲಿಲ್ಲ. ಅವಳು ಹಾಕಿದಳು.

ತಾನು ಎಲ್ಲ ಹೇಳಿಕೊಂಡಾಗಿದೆ, ಇನ್ನು ಒಳಗೆ ಏನೂ ಉಳಿದಿಲ್ಲ ಎಂದು ಸಂಗನಬಸವ ತಿಳಿದಿದ್ದ. ಅವಳ ಹೆಸರು ಪರದೆಯ ಮೇಲೆ ಮೂಡಿದಾಗ ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಎದ್ದಿತು. ಒಂದು ಚೂರೂ ಕಡಿಮೆಯಾಗಿರಲಿಲ್ಲ. ಅವನಿಗೆ ತನ್ನ ಮೇಲೆಯೇ ಬೇಸರವಾಯಿತು.

ಎಲ್ಲರೂ ಎದ್ದು ಹೋದರು. ಅಜ್ಜಾರು ಕೋಲು ಹಿಡಿದು ನದಿಯ ಮೆಟ್ಟಿಲಿಳಿದು, ಕೊನೆಯ ಮೆಟ್ಟಿಲ ಮೇಲೆ ಕಾಲು ನೀರಿಗೆ ಬಿಟ್ಟು ಕೂತರು. ಸಂಗನಬಸವ ಹಿಂದೆಯೇ ಬಂದು ಎರಡು ಮೆಟ್ಟಿಲು ಮೇಲೆ ನಿಂತ.

“ಅಜ್ಜಾರ, ಒಂದು ಕೇಳ್ಲೇನ್ರಿ?”

“ಕೇಳು.”

“ನನ್ನ ಮ್ಯಾಲಿನ ಸಿಟ್ಟಿಗೆ ಸಹಿ ಅಕಿಗೆ ಕೊಟ್ರೇನ್ರಿ?”

“ಇಲ್ಲ. ತನ್ನ ಕಿವಿ ಮ್ಯಾಲೆ ಅನುಮಾನ ಬಂದ ಕೂಡ್ಲೆ ಜಾಗ ಬಿಟ್ಟು ಎದ್ದಳು. ಕೊನೀ ಸಹಿಗೆ ಅಷ್ಟು ಸಾಕು.”

“ನಾನೂ ಹೇಳಿದೆನಲ್ರಿ.”

“ಹೇಳಿದಿ. ಅದಕ್ಕ ಇನ್ನೂ ಇಲ್ಲಿ ನಿಂತು ನನ್ನ ಕೂಡ ಮಾತಾಡಾಕತ್ತಿ.”

ಸಂಗನಬಸವ ಒಂದು ಮೆಟ್ಟಿಲು ಇಳಿದ. ಇಷ್ಟು ತಿಂಗಳು ಒಳಗಿಟ್ಟುಕೊಂಡಿದ್ದ ಮಾತನ್ನು ಕೊನೆಗೂ ಕೇಳಿಯೇಬಿಟ್ಟ.

“ಅಜ್ಜಾರ, ಅಕಿ ಬಂದ ಮ್ಯಾಲೆ ನಿಮ್ಮ ಮಗ್ಗಲಕ ನನಗ ಜಾಗ ಐತೇನ್ರಿ?”

ಅಜ್ಜಾರು ತಿರುಗಿ ನೋಡಲಿಲ್ಲ. ಕೂತಲ್ಲೇ ಒಂದಿಷ್ಟು ಸರಿದರು.

“ಎಷ್ಟು ಜಾಗ ಐತಿ ಅಂತ ನೀ ಯಾವತ್ತರ ನೋಡೀಯೇನು ತಮ್ಮಾ? ಬರೇ ಕೂಡಿಸ್ಕೊಂತ ಕುಂತಿ.”